ಒಂದೇ ಡಬ್ಬಿಯ ಚೀಟಿಗಳು

ಮೊಲ ಓಡಿತು. ನವಿಲು ಕುಣಿಯಿತು. ಸೂರ್ಯ ಮುಳುಗಿದನು. ಬೆಳಗಿನ ಆರೂವರೆಗೆಲ್ಲ ಅಡುಗೆಮನೆಯ ಮೇಜಿನ ಮೇಲೆ ಸೂರ್ಯನನ್ನು ಮುಳುಗಿಸಿ, ಸ್ಕೆಚ್ ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಅವಳು ಮುಂದಿನ ರಟ್ಟಿಗೆ ಕತ್ತರಿ ಹಾಕಿದಳು. ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು. ಒಂದು ಮಗ್ಗುಲಿಗೆ ಬಣ್ಣ, ಇನ್ನೊಂದು ಮಗ್ಗುಲಿಗೆ ಬೂದು. ಒಂದು ಗೇಣು ಉದ್ದ, ಎರಡು ಬೆರಳು ಅಗಲ. ಇಪ್ಪತ್ತಮೂರು ವರ್ಷದಿಂದ ಮೂರನೇ ತರಗತಿಗೆ ಇದೇ ಅಳತೆಯಾದ್ದರಿಂದ ಕೈಗೆ ಸ್ಕೇಲು ಬೇಕಿರಲಿಲ್ಲ. ಒಂದೊಂದು ಪಟ್ಟಿಗೆ ಒಂದೊಂದು ಸಣ್ಣ ವಾಕ್ಯ. ನಡುವೆ ಕೂರಿಸಲು ಕೆಂಪು ಅಕ್ಷರದ ಗಿಡ್ಡ ಪಟ್ಟಿಗಳು: ಮತ್ತು, ಆದರೆ, ಆದ್ದರಿಂದ, ಏಕೆಂದರೆ. ಮಕ್ಕಳು ಡಬ್ಬಿಗೆ ಕೈಹಾಕಿ ಎರಡು ವಾಕ್ಯ ಎತ್ತಬೇಕು, ಮಧ್ಯೆ ಒಂದು ಕೆಂಪು ಪಟ್ಟಿ ಇಟ್ಟು ಎರಡನ್ನೂ ಒಂದು ಮಾಡಬೇಕು. ಬಿಟ್ಟರೆ ಈ ಮಕ್ಕಳು ಎಲ್ಲದಕ್ಕೂ 'ಮತ್ತು' ಸುರಿಯುತ್ತವೆ, ಹೊಸ ಸೊಸೆ ಉಪ್ಪು ಸುರಿದ ಹಾಗೆ. ನಾನು ಎದ್ದೆ ಮತ್ತು ಹಲ್ಲುಜ್ಜಿದೆ ಮತ್ತು ಅಣ್ಣ ಹೊಡೆದ ಮತ್ತು ಶಾಲೆಗೆ ಬಂದೆ. ಅಣ್ಣ ಹೊಡೆದದ್ದೂ ಹಲ್ಲುಜ್ಜಿದ್ದೂ ಅವರ ಲೆಕ್ಕದಲ್ಲಿ ಒಂದೇ ತೂಕ. 'ಆದ್ದರಿಂದ' ಬರಬೇಕಾದರೆ ಒಂದಿಷ್ಟು ಕೆಟ್ಟ ಬುದ್ಧಿ ಬೇಕು, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಜಾಣತನ ಬೇಕು. ಅದು ಮೂರನೇ ತರಗತಿಯ ದ್ವಿತೀಯಾರ್ಧದಲ್ಲಿ ಮೊಳೆಯುತ್ತದೆ ಎಂಬುದು ಅವಳು ಸ್ವಂತ ಅನುಭವದಿಂದ ಕಂಡುಕೊಂಡದ್ದು. ತನಗೆ ಅದು ಬೇಕಾದಷ್ಟು ಮೊಳೆತು ಮರವಾಗಿದೆ ಎಂಬುದು ಮಾತ್ರ ಈ ಹನ್ನೊಂದು ದಿನಗಳಲ್ಲಿ ಗೊತ್ತಾದ ವಿಷಯ.

ಹನ್ನೊಂದು ದಿನದಿಂದ ಅವಳೂ ಗಂಡನೂ ಮಾತಾಡಿರಲಿಲ್ಲ. ಹಾಗೆಂದು ಮನೆ ನಿಂತಿರಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದ ಒಂದು ಮಾವಿನಹಣ್ಣು ಅಂಟಿಕೊಂಡಿತ್ತು; ಅದರಡಿ ಚೀಟಿ. ಅವಳು ಕತ್ತರಿಸಿ ಮಿಕ್ಕ ರಟ್ಟಿನ ಪಟ್ಟಿಗಳೇ ಅದಕ್ಕೂ ಆಗುತ್ತಿದ್ದವು. 'ಅಮ್ಮನ ಮಾತ್ರೆ ಮುಗಿದಿದೆ' ಎಂದು ಅವಳ ದುಂಡು ಅಕ್ಷರ. ಸಂಜೆ 'ಮಾತ್ರೆ ತಂದಿದ್ದೇನೆ' ಎಂದು ಅವನ ಅಕ್ಷರ. ಅವನು ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವವನು. ಮೂವತ್ತು ವರ್ಷ ಚೌಕದ ಮನೆಗಳೊಳಗೆ ಅಂಕಿ ತುಂಬಿ ತುಂಬಿ ಅವನ ಅಕ್ಷರಗಳೂ ಒಂದನ್ನೊಂದು ಮುಟ್ಟದೆ, ಮಡಿಯಲ್ಲಿರುವಂತೆ, ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಓದಿಯಾದ ಚೀಟಿಗಳನ್ನು ಅವಳು ಎಸೆಯುತ್ತಿರಲಿಲ್ಲ. ಹಿಂದಿನ ಮಗ್ಗುಲು ಖಾಲಿ ಇರುವ ರಟ್ಟನ್ನು ಎಸೆಯುವ ಟೀಚರಮ್ಮ ಇನ್ನೂ ಹುಟ್ಟಿಲ್ಲ. ಫ್ರಿಜ್ಜಿನ ಮೇಲಿನ ಹಳೇ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ಮೊದಮೊದಲು ಹಾಲು, ಮಾತ್ರೆ, ನಲ್ಲಿ ಅಷ್ಟೇ. ನಾಲ್ಕನೇ ದಿನ ಅವಳು ತಡೆಯಲಾರದೆ 'ನಾನು ಕೇಳಿದ್ದು ತಪ್ಪಲ್ಲ' ಎಂದು ಬರೆದಳು. ಮರುದಿನ ಬೆಳಗ್ಗೆ ಮಾವಿನಹಣ್ಣಿನ ಕೆಳಗೆ 'ನಾನು ಸಿಟ್ಟಾಗಿಲ್ಲ' ಎಂದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಎಷ್ಟು ಹೊತ್ತು ನೋಡಿದರೂ ನಡುವೆ ಏನನ್ನಿಡಬೇಕು ಎಂದು ಹೊಳೆಯಲಿಲ್ಲ. ಆಮೇಲೆ ಕುಕ್ಕರ್ ಕೂಗಿತು.

ಕೇಳಿದ್ದಾದರೂ ಏನು? ದೂರದ ಊರಿನ ತರಬೇತಿ ಕೇಂದ್ರಕ್ಕೆ ಒಂದು ವರ್ಷದ ಮಟ್ಟಿಗೆ ಅವಳ ಹೆಸರು ಸೂಚಿಸಿದ್ದರು. ಹೊಸ ಮೇಷ್ಟ್ರುಗಳಿಗೆ, ಸಣ್ಣ ಮಕ್ಕಳಿಗೆ ವಾಕ್ಯ ಕಲಿಸುವುದು ಹೇಗೆಂದು ಕಲಿಸಬೇಕು. ರೈಲಿನಲ್ಲಿ ಎಂಟು ಗಂಟೆ. ಅಲ್ಲೇ ಒಂದು ಕೋಣೆ ಕೊಡುತ್ತಾರೆ. ಅವನು ಬೂಟಿನ ಲೇಸು ಕಟ್ಟುತ್ತಿದ್ದಾಗ ಹೇಳಿ, ಹೋಗಲಾ ಎಂದು ಕೇಳಿದಳು. ಅವನು ತಲೆಯೆತ್ತದೆ, "ಹೋಗು. ನಾನೇನು ಕಟ್ಟಿಹಾಕಿದೀನಾ?" ಅಂದ. "ಹಾಗಂದ್ರೆ ಏನ್ರೀ ಅರ್ಥ?" ಅಂದಳು. "ಅಂದಿದ್ದೇ ಅರ್ಥ." ಇಷ್ಟೇ. ಇಷ್ಟಕ್ಕೆ ಹನ್ನೊಂದು ದಿನ. ಮೊದಲ ಮೂರು ದಿನ ಸಿಟ್ಟು, ಆಮೇಲೆ ಮೂರು ದಿನ ಹಟ, ಅಲ್ಲಿಂದೀಚೆಗೆ ಸುಮ್ಮನೆ ಅಭ್ಯಾಸ. ಆದರೆ ಅವಳಿಗೆ ಮಾತ್ರ ಗೊತ್ತಿದ್ದ ಒಂದು ಸಂಗತಿಯಿತ್ತು. ಅವನು ಹೋಗು ಅಂದದ್ದಕ್ಕೇ ಅವಳಿಗೆ ಸಿಟ್ಟು ಬಂದದ್ದು. ಬೇಡ ಅನ್ನಬೇಕಿತ್ತು ಅವನು. ಮಗಳು ಹಾಸ್ಟೆಲ್ಲಿನಲ್ಲಿದ್ದಾಳೆ, ಅಮ್ಮನಿಗೆ ವಯಸ್ಸಾಗಿದೆ, ನನಗೆ ಚಹಾ ಮಾಡಲೂ ಬರುವುದಿಲ್ಲ, ಬೇಡ ಎಂದು ಮೇಜು ಗುದ್ದಬೇಕಿತ್ತು. ಆಗ ಅವಳು ಸೆರಗಿನಿಂದ ಮೂಗೊರಸಿಕೊಂಡು, ಸ್ಟಾಫ್ ರೂಮಿನಲ್ಲಿ ನಿಟ್ಟುಸಿರು ಬಿಟ್ಟು, ಜೀವಮಾನವಿಡೀ ಅದನ್ನೊಂದು ಒಡವೆಯಂತೆ ಕೊರಳಿಗೆ ಹಾಕಿಕೊಂಡು ತಿರುಗಬಹುದಿತ್ತು. ಎಂಟು ವರ್ಷದವರ ಮುಂದೆ ಅವಳು ಹುಲಿ. ದೊಡ್ಡವರು ನಾಲ್ಕು ಜನ ಕೂತು ನೋಡಿದರೆ ಗಂಟಲು ದಾರದೆಳೆಯಾಗುತ್ತದೆ. ಐದು ವರ್ಷದ ಹಿಂದೆ ಒಂದು ಸಭೆಯಲ್ಲಿ ವಂದನಾರ್ಪಣೆಗೆ ನಿಂತವಳು ಅತಿಥಿಗಳಿಗೆ ವಂದಿಸುವುದನ್ನು ಬಿಟ್ಟು "ಎಲ್ಲರೂ ಕೈಕಟ್ಟಿ ಕೂತ್ಕೊಳಿ" ಅಂದಿದ್ದಳು. ಅತಿಥಿಗಳು ಕೈಕಟ್ಟಿ ಕೂತಿದ್ದರು. ಈಗಲೂ ನೆನಪಾದರೆ ಒಬ್ಬಳೇ ಇದ್ದಾಗಲೂ ಕಿವಿ ಬಿಸಿಯಾಗುತ್ತದೆ.

ಆದ್ದರಿಂದ ಅವಳು ಹೆಡ್‌ಮಾಸ್ತರರಿಗೆ, "ನಮ್ಮನೆಯವ್ರು ಬೇಡ ಅಂತಿದಾರೆ ಸಾರ್" ಅಂದುಬಿಟ್ಟಿದ್ದಳು. ಬಾಯಿಂದ ಬಂದ ಮೇಲೆ ಎಷ್ಟು ಹಗುರವಾಯಿತೆಂದರೆ ಅದೇ ನಿಜವಿರಬಹುದು ಅನ್ನಿಸಿತು. ಒಪ್ಪಿಗೆಯ ಫಾರಂ ಅವಳ ಚೀಲದಲ್ಲಿತ್ತು. 'ಒಪ್ಪದಿದ್ದಲ್ಲಿ ಕಾರಣ' ಎಂಬ ಕಡೆ ಪೆನ್ಸಿಲಿನಲ್ಲಿ 'ಪತಿಯ ಸಮ್ಮತಿ ಇಲ್ಲ' ಎಂದು ಬರೆದಿಟ್ಟುಕೊಂಡಿದ್ದಳು. ನಾಳೆ ಹತ್ತು ಗಂಟೆಯೊಳಗೆ ಅದರ ಮೇಲೆ ಪೆನ್ನು ಆಡಿಸಿ ಕೊಟ್ಟರೆ ಮುಗಿಯಿತು. ಇವತ್ತು ಇನ್ಸ್‌ಪೆಕ್ಟರಮ್ಮ ಅವಳ ಪಾಠ ನೋಡಲು ಬರುವುದಷ್ಟೇ ಬಾಕಿ. ಹೋಗುವುದಿಲ್ಲವೆಂದ ಮೇಲೂ ಪಾಠ ಚೆನ್ನಾಗಿ ಆಗಬೇಕು. ಅಯ್ಯೋ, ಎಂಥವಳು ತಪ್ಪಿಹೋದಳಲ್ಲ ಎಂದು ಅವರು ಕೈಕೈ ಹಿಸುಕಿಕೊಳ್ಳಬೇಕು. ಅದಕ್ಕೇ ಈ ನವಿಲು, ಈ ಮೊಲ.

"ಹಾಲು! ಹಾಲು ಉಕ್ತು ಕಣೇ!" ಅತ್ತೆ ಹಜಾರದಿಂದಲೇ ಕೂಗಿದರು. ಅವರಿಗೆ ಕನ್ನಡಕವಿಲ್ಲದೆ ಮುಂದಿರುವ ಮನುಷ್ಯ ಕಾಣದಿದ್ದರೂ ಹಾಲು ಉಕ್ಕುವುದು ಗೋಡೆಯಾಚೆಯಿಂದ ಕಾಣುತ್ತಿತ್ತು. ಅವಳು ಒಲೆ ಆರಿಸಿ ಸ್ನಾನಕ್ಕೆ ಓಡಿದಳು. ಬರುವಷ್ಟರಲ್ಲಿ ಗಂಡ ಹೊರಟುಹೋಗಿದ್ದ. ಮೇಜು ಒರೆಸಿ ಫಳಫಳ ಅನ್ನುತ್ತಿತ್ತು. ಡಬ್ಬಿ ಅವಳ ಚೀಲದ ಪಕ್ಕ ಕೂತಿತ್ತು. "ರಟ್ಟೆಲ್ಲ ಒಂದೇ ಡಬ್ಬಿಗೆ ತುಂಬಿಸಿದೀನಿ ನೋಡು. ಮೇಜಿನ ಮೇಲೊಂದಿಷ್ಟು, ಫ್ರಿಜ್ಜಿನ ಮೇಲೊಂದಿಷ್ಟು, ಬಾಗಿಲಿಗೊಂದು. ಮನೆಯಾ ಇದು, ಪೋಸ್ಟಾಫೀಸಾ? ನಿಮ್ಮಿಬ್ರಿಗೂ ಬಾಯಿ ಅಂತ ಒಂದು ದೇವ್ರು ಕೊಟ್ಟಿಲ್ವಾ?" ಅಂದರು ಅತ್ತೆ. ಅತ್ತೆಯ ಮಾತಿಗೆ ಹೂಂಗುಟ್ಟುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ಮದುವೆಯಾದ ವರ್ಷವೇ ಅವಳು ಎರಡನ್ನೂ ಬೇರೆಬೇರೆ ಮಾಡಿಕೊಂಡಿದ್ದಳು. "ಹೂಂ ಅತ್ತೆ" ಎಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದಳು.

ತರಗತಿಯ ಹಿಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಟರಮ್ಮ ಕೂತಿದ್ದರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಎಂಟು ವರ್ಷದವರಿಗೆಂದು ಮಾಡಿದ ಬೆಂಚಾದ್ದರಿಂದ ಅವರ ಮೊಣಕಾಲು ಗಲ್ಲದ ಹತ್ತಿರಕ್ಕೆ ಬಂದು, ದೊಡ್ಡ ಹುದ್ದೆಯ ಮಿಡತೆಯೊಂದು ನೋಟ್‌ಬುಕ್ ಹಿಡಿದು ಕೂತಂತೆ ಕಾಣುತ್ತಿತ್ತು. ಬಾಗಿಲಲ್ಲಿ ಹೆಡ್‌ಮಾಸ್ತರರು. ಜವಾನನ ಗಡಿಯಾರದ ಮೇಲೆ ನಂಬಿಕೆಯಿಲ್ಲದೆ ಗಂಟೆಯನ್ನು ತಾವೇ ಹೊಡೆಯುತ್ತಿದ್ದುದರಿಂದ ಅವರಿಗೆ ಗಂಟೆ ಮೇಷ್ಟ್ರು ಎಂದು ಹೆಸರು. ಈಗಲೂ ಸುತ್ತಿಗೆ ಕೈಯಲ್ಲೇ ಇತ್ತು. ಅವಳು ಡಬ್ಬಿಯ ಮುಚ್ಚಳ ತೆಗೆದು, ಮೇಲೇ ಇದ್ದ ಕೆಂಪು ಪಟ್ಟಿಗಳನ್ನು ಕರಿಹಲಗೆಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿ, ಮುಂದಿನ ಎರಡು ಹಲ್ಲು ಉದುರಿದ ಹುಡುಗಿಯನ್ನು ಮೊದಲು ಕರೆದಳು. ಆ ಹುಡುಗಿ ಯಾವತ್ತೂ ಕೈಕೊಟ್ಟವಳಲ್ಲ.

ಹಲ್ಲಿಲ್ಲದವಳು ಎರಡು ಪಟ್ಟಿ ಎತ್ತಿದಳು, ನಡುವೆ ಕೆಂಪು ಇಟ್ಟಳು, ಎದೆಯುಬ್ಬಿಸಿ ಓದಿದಳು. "ಅಮ್ಮನ ಮಾತ್ರೆ ಮುಗಿದಿದೆ ಆದ್ದರಿಂದ ನವಿಲು ಕುಣಿಯಿತು."

ತರಗತಿ ಗೊಳ್ಳೆಂದಿತು. ಫ್ರಿಜ್ಜಿನ ಮೇಲೊಂದಿಷ್ಟು, ಬಾಗಿಲಿಗೊಂದು — ಬೆಳಗ್ಗೆ ಕಿವಿಯ ಹೊರಗೇ ನಿಂತಿದ್ದ ಅತ್ತೆಯ ಮಾತು ಈಗ ಒಳಗೆ ಬಂದು ಕಾಲು ಚಾಚಿ ಕೂತಿತು. ಡಬ್ಬಿ ಮುಚ್ಚಿಬಿಡಬೇಕೆಂದು ಕೈ ಮುಂದಾಯಿತು. ಆದರೆ ಆಗಲೇ ಮೂರು ಮಕ್ಕಳು ಡಬ್ಬಿಗೆ ಕೈಹಾಕಿದ್ದವು, ಮಿಡತೆ ಏನನ್ನೋ ಬರೆದುಕೊಳ್ಳುತ್ತಿತ್ತು. "ಚೆನ್ನಾಗಿದೆ," ಅಂದಳು ಅವಳು, ಯಾರ ಸ್ವರವೋ ಎಂಬಂತೆ. "ಆದ್ರೆ ಮಾತ್ರೆ ಮುಗಿದ್ರೆ ನವಿಲು ಯಾಕೆ ಕುಣಿಯುತ್ತೆ? ಯೋಚನೆ ಮಾಡಿ."

"ಮಾತ್ರೆ ಕಹಿ ಇರುತ್ತೆ ಮಿಸ್. ಅದಕ್ಕೇ ಖುಷಿ ಅದಕ್ಕೆ," ಅಂದ ಹಿಂದಿನ ಸಾಲಿನ ಗುಂಡ. ಎಲ್ಲರಿಗೂ ಅದು ಸರಿ ಅನ್ನಿಸಿತು. ಅವಳಿಗೂ ಅನ್ನಿಸಿತು, ಅದೇ ಕಷ್ಟ.

ಆಮೇಲೆ ಅದು ಅವಳ ಕೈಮೀರಿ ಓಡಿತು. 'ಸೂರ್ಯ ಮುಳುಗಿದನು ಮತ್ತು ನಲ್ಲಿ ಸೋರುತ್ತಿದೆ.' 'ಮೊಲ ಓಡಿತು ಏಕೆಂದರೆ ನಾನು ಸಿಟ್ಟಾಗಿಲ್ಲ.' ಇದನ್ನು ಜೋಡಿಸಿದ ಹುಡುಗಿ ತಾನೇ ಹುಬ್ಬುಗಂಟಿಕ್ಕಿ, "ಅಲ್ಲ ಮಿಸ್, ಸಿಟ್ಟಾಗಿಲ್ಲ ಅಂತ ಹೇಳಿದ್ರೆ ಸಿಟ್ಟಾಗಿದೆ ಅಂತಾನೇ. ನಮ್ಮಪ್ಪನೂ ಹಂಗೇ ಹೇಳೋದು. ಮೊಲ ಓಡಿದ್ದು ಸರಿ," ಅಂದಳು. 'ನಾನು ಕೇಳಿದ್ದು ತಪ್ಪಲ್ಲ' ಎಂಬುದಕ್ಕೆ ಇಡೀ ತರಗತಿಯಲ್ಲಿ ಜೊತೆ ಸಿಗಲಿಲ್ಲ. ಕಪ್ಪೆಯೊಂದಿಗೆ ಇಟ್ಟರು, ಕೊಡೆಯೊಂದಿಗೆ ಇಟ್ಟರು. ಗುಂಡ, "ಇವ್ರು ಏನು ಕೇಳಿದ್ರು ಅಂತ ಗೊತ್ತಾದ್ರೆ ಜೋಡಿಸ್ಬೋದು ಮಿಸ್. ಗೊತ್ತಿಲ್ದೆ ಹೆಂಗೆ ತಪ್ಪಲ್ಲ ಅನ್ನೋದು?" ಎಂದು ನ್ಯಾಯ ಹೇಳಿದ. ಇಷ್ಟು ದಿನ ಅವಳು ಎದೆಗವಚಿಕೊಂಡಿದ್ದ ವಾಕ್ಯ ಕೊನೆಗೆ ಕಿಟಕಿಯ ಕಟ್ಟೆಯ ಮೇಲೆ, ಮೂಗೊರಸಿದ ಕೈಗಳ ಅಂಟಿನೊಂದಿಗೆ, ಒಂಟಿಯಾಗಿ ಕೂತಿತು. ಗಂಟೆ ಮೇಷ್ಟ್ರು ಒಂದು ಪಟ್ಟಿಯನ್ನು ಎತ್ತಿ ದೂರ ಹಿಡಿದು, ಹತ್ತಿರ ಹಿಡಿದು, "ಈ ಅಕ್ಷರ ಎಲ್ಲೋ ನೋಡಿದೀನಲ್ಲ ಟೀಚರೇ," ಅಂದರು. ನೋಡಿಯೇ ಇರುತ್ತಾರೆ, ತಿಂಗಳಿಗೊಮ್ಮೆ ಅವರ ಮನೆಯ ಮೀಟರಿನ ಕೆಳಗೆ ಇದೇ ಅಕ್ಷರ ಕೂತಿರುತ್ತದೆ. "ಅದು ಮಾದರಿ ಅಕ್ಷರ ಸಾರ್," ಅಂದಳು. ಬಾಯಿಗೆ ಈಗೀಗ ಸುಳ್ಳು ಎಷ್ಟು ಸಲೀಸಾಗಿದೆ ಎಂದು ತನಗೇ ಆಶ್ಚರ್ಯವಾಯಿತು.

ಆಗ ಕಿಟಕಿಯ ಪಕ್ಕದ ಮೆಳ್ಳಗಣ್ಣಿನ ಪೋರಿ ಎದ್ದುನಿಂತಳು. "ಮಿಸ್, ಇದು ಜೋಡಿಸಕ್ಕೆ ಬರ್ತಿಲ್ಲ. ಇದು ಕೇಳ್ತಾ ಇದೆ."

"ಓದು ನೋಡೋಣ."

"ಅಕ್ಕಿಗೆ ನೀರು ಎಷ್ಟು ಹಾಕಬೇಕು?"

ಆ ಚೀಟಿ ಅವಳು ಓದಿರದ ಚೀಟಿ. ಇವತ್ತು ಬೆಳಗ್ಗೆ ಮಾವಿನಹಣ್ಣಿನ ಕೆಳಗಿದ್ದದ್ದು, ಅವಳು ಸ್ನಾನ ಮಾಡುತ್ತಿದ್ದಾಗ ಅವನು ಇಟ್ಟುಹೋದದ್ದು, ಅತ್ತೆ ಕಿತ್ತು ಡಬ್ಬಿಗೆ ಹಾಕಿದ್ದು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮನುಷ್ಯ ಅಡುಗೆಮನೆಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ, ಆಯ್ತಾ ಎಂದು. ಅಕ್ಕಿ ಎಂಬುದು ನೀರಿನಲ್ಲಿ ಬೇಯುತ್ತದೆಂಬುದು ಅವನಿಗೆ ಗೊತ್ತಿದೆಯೆಂದೇ ಅವಳು ಭಾವಿಸಿರಲಿಲ್ಲ. ಹೋಗು ಅಂದದ್ದು ಹೋಗು ಅಂತಲೇ ಇತ್ತೇ ಹಾಗಾದರೆ? ಲೇಸು ಕಟ್ಟುತ್ತ, ತಲೆ ತಗ್ಗಿಸಿಕೊಂಡು, ಅಂದಿದ್ದೇ ಅರ್ಥ ಅಂದವನು, ಹನ್ನೊಂದು ದಿನ ಮನೆಮನೆಯ ಮೀಟರಿನ ಮುಂದೆ ನಿಂತು ಒಂದು ವರ್ಷದ ಊಟದ ಲೆಕ್ಕ ಹಾಕುತ್ತಿದ್ದನೇ? ಅವಳಿಗೆ ಮೊದಲು ನಗು ಬಂತು, ನಗುವಿನ ಬೆನ್ನಿಗೇ ಭಯ. ಇಷ್ಟು ದಿನ ಒರಗಿ ಕೂತಿದ್ದ ಗೋಡೆ ಇದ್ದಕ್ಕಿದ್ದಂತೆ ಎದ್ದು, ಸ್ವಲ್ಪ ಜರುಗಮ್ಮ, ನನಗೆ ಅಕ್ಕಿ ತೊಳೆಯಬೇಕು ಅಂದಂತಿತ್ತು.

ತರಗತಿಯಲ್ಲಿ ಆಗಲೇ ಜಗಳ ಹತ್ತಿತ್ತು. "ಒಂದಕ್ಕೆ ಎರಡು!" "ಇಲ್ಲ, ನಮ್ಮಜ್ಜಿ ಬೆರಳು ಮುಳುಗಿಸಿ ನೋಡ್ತಾರೆ!" "ಯಾವ ಬೆರಳು?" "ಅಜ್ಜಿ ಬೆರಳೇ ಬೇಕು, ನಿಂದು ಸಾಲಲ್ಲ." "ಕುಕ್ಕರಾ, ಪಾತ್ರೆನಾ? ಅದು ಹೇಳ್ಬೇಕಲ್ಲ ಮೊದ್ಲು!" ಇನ್ಸ್‌ಪೆಕ್ಟರಮ್ಮ ಕೂಡ ಹಿಂದಿನಿಂದ, "ಹಳೇ ಅಕ್ಕಿಯಾದ್ರೆ ಎರಡೂವರೆ," ಅಂದು ಆಮೇಲೆ ನಾಲಿಗೆ ಕಚ್ಚಿಕೊಂಡರು. ಮೆಳ್ಳಗಣ್ಣಿನವಳು ಮಾತ್ರ ಚೀಟಿ ಹಿಡಿದುಕೊಂಡೇ ಇದ್ದಳು. "ಮಿಸ್, ಇದು ಯಾರು ಕೇಳಿದ್ದು?"

"ಯಾರೋ," ಅಂದಳು ಅವಳು. "ಗೊತ್ತಿಲ್ದೋರು."

"ಪಾಪ," ಅಂದಳು ಹುಡುಗಿ. "ಉತ್ರ ಬರೆದು ಕಳ್ಸೋಣ್ವಾ?"

ಅವಳು ಚೀಟಿಯನ್ನು ಇಸಿದುಕೊಂಡು ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡಳು. ರಟ್ಟಿನ ಮೂಲೆ ಉಳಿದ ಪಾಠವಿಡೀ ಚುಚ್ಚುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಇನ್ಸ್‌ಪೆಕ್ಟರಮ್ಮ ಅವಳ ಎರಡೂ ಕೈ ಹಿಡಿದುಕೊಂಡರು. ಎಲ್ಲ ಕಡೆ ಮೊಲ, ನವಿಲು ನೋಡಿ ನೋಡಿ ಸಾಕಾಗಿದೆ; ಮನೆಯ ಮಾತನ್ನೇ ಎತ್ತಿ ತಂದು ಮಕ್ಕಳ ಕೈಗೆ ಕೊಟ್ಟಿದ್ದೀರಲ್ಲ, ಅಕ್ಷರ ಬೇರೆ ಎರಡು ಥರ, ಇದನ್ನು ಯೋಚಿಸೋಕೆ ಎಷ್ಟು ದಿನ ಹಿಡಿಯಿತು ಎಂದು ಕೇಳಿದರು. "ಹನ್ನೊಂದು ದಿನ," ಅಂದಳು. ಇವತ್ತಿಡೀ ಅವಳು ಆಡಿದ ನಿಜ ಇದೊಂದೇ. ಗಂಟೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಆದ್ರೆ ಮೇಡಂ, ಇವ್ರ ಮನೆಯವ್ರು ಒಪ್ತಿಲ್ವಂತೆ."

ಇನ್ಸ್‌ಪೆಕ್ಟರಮ್ಮನ ಮುಖ ಬಿಗಿಯಿತು. "ಇಂಥೋರು ಇರ್ತಾರೆ ಬಿಡಿ. ಹೆಂಡ್ತಿ ಒಂದು ಹೆಜ್ಜೆ ಮುಂದಿಟ್ರೆ ಸಾಕು, ಇವ್ರ ಹೊಟ್ಟೆ ಉರಿಯುತ್ತೆ. ಬಿಸಿ ಊಟ ತಪ್ಪುತ್ತೆ ಅಂತ ತಾನೆ?"

ಅಲ್ಲ ಮೇಡಂ ಅನ್ನಬೇಕು. ಅವರು ಕಟ್ಟಿಹಾಕಿಲ್ಲ, ಅವರೇ ಅಂದರು ಕಟ್ಟಿಹಾಕಿಲ್ಲ ಅಂತ. ಅವಳು ಬಾಯಿ ತೆರೆದಳು. ದೊಡ್ಡವರು ಇಬ್ಬರು ಕೂತು ನೋಡುತ್ತಿದ್ದರು. "ಚಹಾ ಆರ್ತಾ ಇದೆ ಮೇಡಂ," ಅಂದಳು. ಅದನ್ನವರು ನೊಂದ ಹೆಣ್ಣಿನ ಮಾತು ಎಂದು ತಿಳಿದು ಕೈಯನ್ನು ಇನ್ನೊಮ್ಮೆ ಅದುಮಿದರು. ಸೊಂಟದಲ್ಲಿ ಅವನ ಅಕ್ಕಿ ಚುಚ್ಚುತ್ತಿತ್ತು. ಬಿಸಿಲಲ್ಲಿ ಯಾರದೋ ಗೇಟು ತೆಗೆದು, ನಾಯಿಗೆ ಹೆದರಿ, ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತು ಮೀಟರಿನ ಅಂಕಿ ಬರೆದುಕೊಳ್ಳುವ ಮನುಷ್ಯ. ತನಗೆ ತಿಳಿಯದೆಯೇ ಒಂದು ಸ್ಟಾಫ್ ರೂಮಿನಲ್ಲಿ ರಾಕ್ಷಸನಾಗಿ, ಎರಡು ಬಿಸ್ಕತ್ತು, ಒಂದು ಚಹಾದ ಜೊತೆಗೆ ಮುಗಿದುಹೋದ.

ಸಂಜೆ ಮನೆಗೆ ಬಂದಾಗ ಅವನು ಹಿತ್ತಿಲಿನ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಒಂದು ಪಾತ್ರೆ ಉಜ್ಜುತ್ತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು, ಅಂಗಿ ಬೆನ್ನಿಗಂಟಿತ್ತು. ಅತ್ತೆ ಸೊಸೆಗಾಗಿಯೇ ಕಾದಿದ್ದವರಂತೆ ಬಾಗಿಲಲ್ಲೇ ಹಿಡಿದುಕೊಂಡರು. "ಮಧ್ಯಾಹ್ನ ಬಂದು ಅನ್ನ ಅಂತ ಒಂದು ಮಾಡಿದ ಕಣೇ ನಿನ್ನ ಗಂಡ. ಕೇಳಿದ್ದಕ್ಕೆ ಉತ್ರ ಬರ್ಲಿಲ್ಲ, ಅಂದಾಜಲ್ಲಿ ಮಾಡ್ತೀನಿ ಅಂದ. ಗೋಡೆಗೆ ಪೋಸ್ಟರ್ ಅಂಟಿಸ್ಬೋದಿತ್ತು. ಆದ್ರೂ ತಿಂದೆ. ಏನ್ಮಾಡ್ಲಿ, ಹೆತ್ತ ತಪ್ಪಿಗೆ."

"ನೀವು ಹೇಳ್ಕೊಡ್ಬೋದಿತ್ತಲ್ಲ ಅತ್ತೆ, ನೀರೆಷ್ಟು ಅಂತ."

"ನನ್ನ ಕೇಳಿದ್ನಾ ಅವ್ನು? ನಿನ್ನ ಕೇಳಿದ್ದು." ಅತ್ತೆ ಕನ್ನಡಕವನ್ನು ಸೆರಗಿನಿಂದ ಒರೆಸಿ, ಹಾಕಿಕೊಂಡು, ಅವಳನ್ನೊಮ್ಮೆ ಪೂರ್ತಿಯಾಗಿ ನೋಡಿ, ಮತ್ತೆ ತೆಗೆದಿಟ್ಟರು. ಚೀಟಿ ಓದಲಾಗದವರ ಹಾಗೆ ಕನ್ನಡಕ ತೆಗೆದಿಡುವುದರಲ್ಲಿ ಈ ಮುದುಕಿ ಎಷ್ಟು ಪಳಗಿದವರೋ ಎಂಬ ಅನುಮಾನ ಅವಳಿಗೆ ಅದೇ ಮೊದಲ ಸಲ ಬಂತು.

ಮೇಜಿನ ಮುಂದೆ ಕೂತಳು. ಡಬ್ಬಿಯಿಂದ ಒಂದು ಖಾಲಿ ಪಟ್ಟಿ ತೆಗೆದು 'ಒಂದಕ್ಕೆ ಎರಡು' ಎಂದು ಬರೆದಳು. ಸ್ವಲ್ಪ ಯೋಚಿಸಿ ಕೆಳಗೆ 'ಹಳೇ ಅಕ್ಕಿಯಾದರೆ ಎರಡೂವರೆ' ಎಂದು ಸೇರಿಸಿದಳು. ಇನ್ನೂ ಏನಾದರೂ ಬರೆಯಬೇಕೆನಿಸಿತು, ಜಾಗವಿತ್ತು, ಬರೆಯಲಿಲ್ಲ. ಮಾವಿನಹಣ್ಣಿನ ಕೆಳಗೆ ಸಿಕ್ಕಿಸಿ ಬಂದು ಚೀಲದಿಂದ ಫಾರಂ ತೆಗೆದಳು. ಪತಿಯ ಸಮ್ಮತಿ ಇಲ್ಲ. ಎಷ್ಟು ಮುದ್ದಾಗಿ ಬರೆದಿದ್ದಳು! ಹಲಗೆಯ ಮೇಲೆ ಬರೆಯುವಷ್ಟು ದುಂಡಗೆ, ಮಕ್ಕಳು ನೋಡಿ ಬರೆದುಕೊಳ್ಳುವಷ್ಟು ಸ್ಪಷ್ಟ. ಅಲ್ಲಿ ನಿಜ ಬರೆಯುವುದಾದರೆ ನನಗೆ ಹೆದರಿಕೆ ಎಂದು ಬರೆಯಬೇಕು. ಆ ಕಾರಣಕ್ಕೆ ಫಾರಮ್ಮಿನಲ್ಲಿ ಜಾಗ ಕೊಟ್ಟಿರಲಿಲ್ಲ. ಒಂದು ಕೋಣೆ, ಒಂದು ಮಂಚ, ಬೆಳಗ್ಗೆ ಎದ್ದರೆ ನಲವತ್ತು ಜನ ದೊಡ್ಡವರು ಅವಳ ಬಾಯಿಯನ್ನೇ ನೋಡುತ್ತ. ಅಯ್ಯೋ, ಹೆದರಿಕೆಯಾದರೆ ಕೈಕಟ್ಟಿ ಕೂರಿ ಅಂದರಾಯಿತು, ಅವತ್ತೂ ಕೂತಿದ್ದರಲ್ಲ. ಅವಳು ಚೀಲದ ತಳದಲ್ಲಿ ತಡಕಾಡಿ, ತರಗತಿಯಲ್ಲಿ ಯಾರಿಂದಲೋ ಕಿತ್ತುಕೊಂಡಿದ್ದ, ಅರ್ಧ ಕಚ್ಚಿದ ರಬ್ಬರನ್ನು ಹುಡುಕಿ ಉಜ್ಜತೊಡಗಿದಳು.

"ಏನೇ ಅದು ಉಜ್ತಿರೋದು ಅಷ್ಟೊತ್ತಿಂದ?" ಹಜಾರದಿಂದ ಅತ್ತೆ.

"ತಪ್ಪು ತಿದ್ತಾ ಇದೀನಿ ಅತ್ತೆ."

"ಆ ಮಕ್ಳಿಗೆ ಯಾವಾಗ ಬುದ್ಧಿ ಬರುತ್ತೋ."

"ಹೂಂ ಅತ್ತೆ."

ಹಿತ್ತಿಲಲ್ಲಿ ನಲ್ಲಿ ನಿಂತಿತು. ಅವನು ಪಾತ್ರೆ ಹಿಡಿದು ಒಳಗೆ ಬಂದು, ಫ್ರಿಜ್ಜಿನ ಮುಂದೆ ನಿಂತು, ಮೀಟರ್ ಓದುವವನಂತೆ ಕುತ್ತಿಗೆ ಮುಂದೆ ಚಾಚಿ ಚೀಟಿಯನ್ನು ಓದಿದ. ತುಟಿ ಅಲುಗಿತು. ಅಕ್ಕಿಯ ಡಬ್ಬದ ಮುಚ್ಚಳ ತೆಗೆದು, ನಾಲ್ಕು ಕಾಳು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ, ಹಳೆಯದೋ ಹೊಸದೋ ಎಂದು ಪರೀಕ್ಷೆ ಮಾಡತೊಡಗಿದ. ಅವಳು ತಲೆಯೆತ್ತಲಿಲ್ಲ. ಕಾಗದದ ಮೇಲಿನ ರಬ್ಬರಿನ ಹುಡಿಯನ್ನು ಮೆಲ್ಲಗೆ ಊದಿ, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡು 'ಒಪ್ಪಿದ್ದೇನೆ' ಎಂಬುದರ ಕೆಳಗೆ ಸಹಿ ಹಾಕಿದಳು. ನಾಲ್ಕಾಗಿ ಮಡಿಸಿ ನಾಳೆಯ ಊಟದ ಡಬ್ಬಿಯ ಚೀಲದಲ್ಲಿಟ್ಟಳು. ಹಿಂದಿನಿಂದ ಅವನು ಒಂದು ಲೋಟ, ಎರಡು ಲೋಟ ಎಂದು ತನಗೆ ತಾನೇ ಮೆಲ್ಲಗೆ ಎಣಿಸುವುದು ಕೇಳಿಸಿತು, ಆಮೇಲೆ ಬಹಳ ಹೊತ್ತು ಅನುಮಾನಿಸಿ, ಅರ್ಧ.